ಮೊಲದ ಗೂಡು ತೊಳೆದ ಶನಿವಾರ

ಮಾರ್ಗಶಿರ ಮಾಸದ ಮೊದಲ ಶನಿವಾರ, ಬೆಳಿಗ್ಗೆ ಆರೂಮುಕ್ಕಾಲು. ಸ್ಥಳ, ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಲು. ಹಾಜರಿದ್ದವರು: ನಾನು, ನನ್ನ ತಂಗಿ ಶಾರದಾ, ಅವಳ ಬಿಳಿ ಮೊಲ ಮಲ್ಲಿಗೆ, ನನ್ನ ಬೂದು ಬಣ್ಣದ ಮೊಲ ಬೂದಿ. ಗೈರುಹಾಜರಾಗಿದ್ದದ್ದು ಮಲ್ಲಿಗೆಯ ಬಲಗಿವಿಯ ತುದಿಯ ಒಂದು ಚೂರು.

ಹೀಗೆ ಬರೆಯುವುದು ಅಭ್ಯಾಸಬಲ. ನನ್ನ ಇಡೀ ಸರ್ವಿಸ್ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿ ಕಳೆಯಿತು. ಮೊದಲು ಚಿಂತಾಮಣಿ, ಆಮೇಲೆ ಚಿಕ್ಕಬಳ್ಳಾಪುರ. ಅಲ್ಲಿ ಯಾವ ರಂಪ ನಡೆದರೂ ಮೊದಲು ವೇಳೆ ಬರೆಯಬೇಕು, ಆಮೇಲೆ ಹಾಜರಿದ್ದವರು, ಕೊನೆಗೆ ಕಾರಣ. ಕಾರಣಕ್ಕೆ ಬರುವ ಹೊತ್ತಿಗೆ ಅರ್ಧ ಕೋಪ ಇಳಿದಿರುತ್ತದೆ. ಆದರೆ ಆ ಶನಿವಾರ ಕಾರಣವೇ ಗೊತ್ತಾಗಲಿಲ್ಲ. ಗೂಡು ತೊಳೆದಾಗಿತ್ತು, ನೆಲ ಒಣಗಿತ್ತು, ಹಿಪ್ಪುನೇರಳೆ ಸೊಪ್ಪು ಎರಡು ಪಾಲು ಮಾಡಿ ಎರಡು ತಟ್ಟೆಯಲ್ಲಿ ಇಟ್ಟಿದ್ದೆ. ಹಿಂದಿನ ಸಂಜೆ ಒಂದರ ಬೆನ್ನಿಗೆ ಒಂದು ಒರಗಿ ಕೂತಿದ್ದ ಪ್ರಾಣಿಗಳು ಅವು. ಎರಡನ್ನೂ ಬುಟ್ಟಿಯಿಂದ ತೊಳೆದ ಗೂಡಿನ ಮುಂದೆ ಬಿಟ್ಟೆ. ಬೂದಿ ಒಮ್ಮೆ ಮೂಗು ಅಲ್ಲಾಡಿಸಿತು, ಕಿವಿ ಹಿಂದಕ್ಕೆ ಮಡಚಿತು, ನೇರವಾಗಿ ಹೋಗಿ ಮಲ್ಲಿಗೆಯ ಕಿವಿ ಕಚ್ಚಿತು.

"ಅಕ್ಕಾ, ರಕ್ತ! ನಿನ್ನ ರಾಕ್ಷಸಿ ನನ್ನ ಮಗೂನ ತಿಂದಾಕ್ಬಿಡ್ತು!"

"ಕಿರುಚ್ಬೇಡ. ಬಟ್ಟೆ ತಗೊಂಡು ಒತ್ತಿ ಹಿಡಿ."

"ಬಟ್ಟೆ ಒತ್ತು, ನೆಲ ಒರೆಸು, ಸಾಲಾಗಿ ನಿಲ್ಲು. ಇದು ಹಾಸ್ಟೆಲ್ ಅಲ್ಲ ಕಣಕ್ಕಾ, ಮನೆ!"

ಹೇಳಿದವಳು ಬಟ್ಟೆ ಒತ್ತಿ ಹಿಡಿದಳು, ಅದು ಬೇರೆ ಮಾತು. ರಕ್ತ ನಿಂತ ಮೇಲೆ ಮಲ್ಲಿಗೆಯನ್ನು ನನ್ನ ಮಡಿಲಿಗೆ ಹಾಕಿ, ಒಳಗೆ ಹೋದಳು. ಸ್ಟೂಲು ಎಳೆದ ಸದ್ದಾಯಿತು. ಅಟ್ಟದ ಮೇಲಿಂದ ತನ್ನ ಹಸಿರು ಬ್ಯಾಗನ್ನು ಇಳಿಸಿದಳು. ಸೀರೆಗಳನ್ನು ಅದರೊಳಗೆ ತುಂಬಿದಳು. ತುಂಬಿದಳು ಎಂದೆ, ಜೋಡಿಸಿದಳು ಎನ್ನಲಿಲ್ಲ. ನೋಡಲು ಆಗುತ್ತಿರಲಿಲ್ಲ.

"ಮಧ್ಯಾಹ್ನದ ಬಸ್ಸಿಗೆ ಗೌರಿಬಿದನೂರಿಗೆ ಹೋಗ್ತೀನಿ. ನನ್ನ ಮನೆ ಬೀಗದ ಕೈ ನನ್ನ ಹತ್ರಾನೇ ಇದೆ. ನೀನು, ನಿನ್ನ ಬೂದಿ, ನಿನ್ನ ಬ್ಲೀಚಿಂಗ್ ಪೌಡರು ಸುಖವಾಗಿರಿ."

ಹೋಗುತ್ತೇನೆ ಎಂದು ಅವಳು ಹಿಂದೆಯೂ ಹೇಳಿದ್ದುಂಟು. ಸಾರಿಗೆ ಉಪ್ಪು ಹೆಚ್ಚಾದಾಗ, ಟಿ.ವಿ. ಸದ್ದು ಕಡಿಮೆ ಮಾಡು ಎಂದಾಗ. ಆದರೆ ಬ್ಯಾಗು ಅಟ್ಟದಿಂದ ಎಂದೂ ಇಳಿದಿರಲಿಲ್ಲ.

ನಿಮಗೆ ಶಾರದಾಳ ಪರಿಚಯ ಮಾಡಿಸಬೇಕು. ನನಗಿಂತ ಆರು ವರ್ಷ ಚಿಕ್ಕವಳು. ಗೌರಿಬಿದನೂರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನ ಅರ್ಧ ಜನರ ಸುಖದುಃಖ ಕೇಳಿಕೊಂಡು ನಿವೃತ್ತಳಾದವಳು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನಾನು ಮದುವೆಯೇ ಆಗಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ದಿನ ಬಸ್ಸಿನಿಂದ ಇಳಿದು ಬಂದಳು. ಒಂದು ಕೈಯಲ್ಲಿ ಈ ಹಸಿರು ಬ್ಯಾಗು, ಇನ್ನೊಂದು ಕೈಯಲ್ಲಿ ತರಕಾರಿ ಬುಟ್ಟಿ, ಬುಟ್ಟಿಯೊಳಗೆ ಮಲ್ಲಿಗೆ. "ಎಂಟು ದಿನ ಇದ್ದು ಹೋಗ್ತೀನಿ" ಅಂದಳು. ಬೂದಿ ಬಂದದ್ದೂ ಹಾಗೆಯೇ. ಪಕ್ಕದ ಬಾಡಿಗೆ ಮನೆಯವರು ವರ್ಗವಾಗಿ ಊರು ಬಿಡುವಾಗ, "ಮೇಡಂ, ಎರಡು ದಿನ ಇಟ್ಕೊಂಡಿರಿ, ಬಂದು ತಗೊಂಡು ಹೋಗ್ತೀವಿ" ಎಂದು ಗೇಟಿನ ಮೇಲಿಂದ ಕೊಟ್ಟು ಹೋದರು. ಆ ಎರಡು ದಿನ ಇನ್ನೂ ಮುಗಿದಿಲ್ಲ. ನನ್ನ ಮನೆಗೆ ಬರುವವರೆಲ್ಲ ಸ್ವಲ್ಪ ದಿನಕ್ಕೇ ಬರುತ್ತಾರೆ.

ಶಾರದಾ ಬರುವ ಮುಂಚೆ ಈ ಮನೆಯಲ್ಲಿ ಇಟ್ಟ ಚಮಚ ಇಟ್ಟಲ್ಲೇ ಇರುತ್ತಿತ್ತು. ಅದು ನನ್ನ ಹೆಮ್ಮೆಯಾಗಿತ್ತು. ಅವಳು ಬಂದ ಮೇಲೆ ಚಮಚ ಹುಡುಕುವುದೇ ಒಂದು ಕೆಲಸವಾಯಿತು. ಹುಡುಕುತ್ತಾ ಇಬ್ಬರೂ ಜಗಳವಾಡುವುದು, ಜಗಳದ ನಡುವೆ ಹಳೆಯ ಮಾತು ನೆನಪಾಗಿ ನಗುವುದು, ಚಮಚ ಮರೆತು ಕಾಫಿಗೆ ಕೂರುವುದು, ಇದೆಲ್ಲ ದಿನಚರಿಗೆ ಸೇರಿಕೊಂಡಿತು. ದಿನಚರಿಗೆ ಒಂದು ಸಲ ಸೇರಿದ್ದನ್ನು ತೆಗೆಯುವುದು ನನಗೆ ಕಷ್ಟ. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ. ಆದ್ದರಿಂದ ಆ ಬೆಳಿಗ್ಗೆ ನಾನು ಹೇಳಿದ್ದು ಇಷ್ಟೇ: "ಮೊದಲು ಡಾಕ್ಟರಿಗೆ ತೋರಿಸೋಣ. ಆಮೇಲೆ ಹೋಗೋದಾದ್ರೆ ಹೋಗು."

ಮೊಲ ಎಂದರೆ ಸಾಧುಪ್ರಾಣಿ ಎಂದು ನೀವೂ ನನ್ನ ಹಾಗೆ ನಂಬಿರಬಹುದು. ಕಚ್ಚುವುದು ನಾಯಿ, ಪರಚುವುದು ಬೆಕ್ಕು, ಮೊಲ ಗರಿಕೆ ತಿಂದು ತೆಪ್ಪಗಿರುತ್ತದೆ ಎಂದು. ಒಂದು ಮೊಲವಿದ್ದಾಗ ಅದು ನಿಜ. ಎರಡಾದಾಗ ತಿಳಿಯುತ್ತದೆ, ಅದರ ಬಾಯಿಯ ಮುಂಭಾಗದಲ್ಲಿ ಎರಡು ಉಳಿಗಳಿವೆ. ಮಲ್ಲಿಗೆ ಬಂದ ಹೊಸದರಲ್ಲಿ ನಾನು ಗೂಡಿನ ನಡುವೆ ಒಂದು ಹಳೆಯ ಚಂದ್ರಿಕೆಯನ್ನು ಅಡ್ಡ ನಿಲ್ಲಿಸಿದೆ. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು, ನಮ್ಮೂರಿನಲ್ಲಿ ಯಾರ ಹಿತ್ತಲಿನಲ್ಲಾದರೂ ಒಂದು ಸಿಗುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಬೂದಿ ಅದರಲ್ಲಿ ತನ್ನ ಅಳತೆಗೆ ಸರಿಯಾಗಿ ಒಂದು ಬಾಗಿಲು ಕೊರೆದು, ಬಾಗಿಲ ನಡುವೆ ಕೂತು, ಉಳಿದ ಬಿದಿರನ್ನು ತಿಂಡಿಯಂತೆ ಅಗಿಯುತ್ತಿತ್ತು. ಆಮೇಲೆ ತಂತಿ ಜಾಲರಿ ಹಾಕಿಸಿದೆ. ಜಾಲರಿಯ ಕಿಂಡಿಯಲ್ಲಿ ಮೂಗು ತೂರಿಸಿ ಪರಸ್ಪರ ಮೂಸುವುದು ಶುರುವಾಯಿತು. ಮೂಸುವುದು ನೆಕ್ಕುವುದಾಯಿತು. ಸಂಜೆ ಹೊತ್ತು ಇಬ್ಬರನ್ನೂ ಒಳಗೆ ಬಿಟ್ಟರೆ ಟಿ.ವಿ. ಮುಂದೆ ಶಾರದಾಳ ಕಾಲ ಬಳಿ ಒಟ್ಟಿಗೇ ಕೂರುತ್ತಿದ್ದವು. ಶಿಸ್ತಿನಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಬೀಗಿದೆ. ಆದರೆ ನಡುನಡುವೆ, ಯಾಕೋ ಏನೋ, ಒಂದು ದಿನ ಕಚ್ಚಾಟ. ಒಮ್ಮೆ ತುಪ್ಪಳದ ಉಂಡೆ ಹಾರಿತು, ಇನ್ನೊಮ್ಮೆ ತುಟಿಗೆ ಗೀರು ಬಿತ್ತು. ಆ ದಿನಗಳೆಲ್ಲ ಶನಿವಾರಗಳೇ ಎಂಬುದನ್ನು ಗಮನಿಸಿದ್ದವಳು ಶಾರದಾ. "ಶನಿ ಕಾಟ ಕಣಕ್ಕಾ, ಎಳ್ಳು ದೀಪ ಹಚ್ಚಣ" ಎಂದಿದ್ದಳು. ನಾನು ಕೇಳಲಿಲ್ಲ. ಶನಿವಾರ ನಾನು ಗೂಡು ತೊಳೆಯುವ ದಿನ, ದೀಪ ಹಚ್ಚುತ್ತಾ ಕೂರಲು ಪುರುಸೊತ್ತೆಲ್ಲಿ?

ತೊಳೆಯುವುದೆಂದರೆ ನೀವು ಅಂದುಕೊಂಡ ಹಾಗಲ್ಲ. ಅದನ್ನು ನಾನು ಕಲಿತದ್ದು ನಮ್ಮ ಹುಟ್ಟೂರು ಸಾದಲಿಯಲ್ಲಿ, ನಮ್ಮ ಅಪ್ಪನ ಹುಳುಮನೆಯಲ್ಲಿ. ರೇಷ್ಮೆಹುಳು ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಮಡಿ ಎಂದರೆ ದೇವರಮನೆಯಲ್ಲ, ಹುಳುಮನೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರು ಕದಡಿದ ನೀರಿನ ಬಾಣಲೆ, ಅದರ ಪಕ್ಕ ನಮ್ಮ ಅವ್ವ. ಅವ್ವನ ತವರು ಆಂಧ್ರದ ಗಡಿಯಾಚೆ. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗೇ. "ಕಾಳ್ಳು ಕಡುಕ್ಕೋ!" ಎಂದು ಗದರಿದರೆ ಊರಗೌಡನೂ ಕಾಲು ತೊಳೆದೇ ಒಳಗೆ ಬರಬೇಕು. ಮುಡಿದ ಹೂವು ತೆಗೆದು ಹೊರಗೋಡೆಯ ಗೂಡಿನಲ್ಲಿಡಬೇಕು. ಊದುಬತ್ತಿ ಇಲ್ಲ, ಬೀಡಿ ಇಲ್ಲ, ಬೆಳ್ಳುಳ್ಳಿ ಒಗ್ಗರಣೆಯ ಘಾಟು ಆ ಕಡೆ ಸುಳಿಯಬಾರದು. ಒಂದು ಬೆಳೆ ಮುಗಿದು ಇನ್ನೊಂದು ಬರುವ ಮುಂಚೆ ತಟ್ಟೆ, ಸ್ಟ್ಯಾಂಡು, ಗೋಡೆ, ನೆಲ ಎಲ್ಲಕ್ಕೂ ಸ್ನಾನ. ಹಿಂದಿನ ಹುಳುವಿನ ಸುಳಿವೂ ಮುಂದಿನ ಹುಳುವಿಗೆ ಸಿಗಬಾರದು, ಸಿಕ್ಕರೆ ರೋಗ.

ಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಅವು ತಿನ್ನದೆ, ಅಲುಗಾಡದೆ, ತಲೆ ಎತ್ತಿ ನಿಂತಿರುತ್ತವೆ. "ಹುಳಕ್ಕೆ ಎರಡನೇ ಜ್ವರ, ಸದ್ದು ಮಾಡಬೇಡಿ" ಎಂದು ಅಪ್ಪ ಹೇಳಿದ್ದನ್ನು ಪುಟ್ಟ ಶಾರದಾ ನಿಜವೆಂದು ನಂಬಿದಳು. ತನಗೆ ಜ್ವರ ಬಂದಾಗ ಅವ್ವ ಮಾಡಿದ್ದ ಹಾಗೆ ಒಂದು ಚಿಂದಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ಒಂದು ತಟ್ಟೆ ಹುಳುವಿನ ಮೇಲೆ ಹೊದಿಸಲು ಹೊರಟಿದ್ದಳು. ಅವ್ವ ಕಿರುಚಿದ ಸದ್ದಿಗೆ ಹುಳುಗಳ ಜ್ವರ ಬಿಟ್ಟಿರಬೇಕು. ನಾನೋ, ಅದೇ ವಯಸ್ಸಿನಲ್ಲಿ ಬಾಣಲೆಯ ನೀರು ಬದಲಾಯಿಸುವ ಕೆಲಸ ನನಗೇ ಬೇಕೆಂದು ಹಟ ಹಿಡಿದವಳು. ನಮ್ಮಿಬ್ಬರ ವ್ಯತ್ಯಾಸಕ್ಕೆ ಇಷ್ಟು ಸಾಕು.

ಆ ಹುಳುಮನೆಯನ್ನು ನಾನು ಹಾಸ್ಟೆಲಿಗೆ ಕೊಂಡೊಯ್ದೆ, ಹಾಸ್ಟೆಲಿನಿಂದ ಮೊಲದ ಗೂಡಿಗೆ ತಂದೆ. ಶನಿವಾರ ಬೆಳಕು ಹರಿಯುವ ಮುಂಚೆ ಮೊಲಗಳು ಬುಟ್ಟಿಗೆ, ಹಾಸಿದ ಹುಲ್ಲು ತಿಪ್ಪೆಗೆ, ಗೂಡಿಗೆ ಬ್ಲೀಚಿಂಗ್ ಪೌಡರು, ಉಜ್ಜುವುದು, ತೊಳೆಯುವುದು, ಮತ್ತೆ ಉಜ್ಜುವುದು. ನೀರು ಕುಡಿಯುವ ಮಣ್ಣಿನ ಬಟ್ಟಲು ಕೂಡ ಕುದಿಯುವ ನೀರಿನಲ್ಲಿ ಮುಳುಗಿ ಏಳಬೇಕು.

ಪಶು ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಶಾರದಾಳ ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮಲ್ಲಿಗೆ. ದಾರಿಯುದ್ದಕ್ಕೂ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಮಲ್ಲಿಗೆಯೊಂದಿಗೆ ಮಾತಾಡಿದಳು, ನನಗೆ ಕೇಳುವಷ್ಟು ಗಟ್ಟಿಯಾಗಿ. "ಇನ್ನೇನು ಸಂಜೆ ಹೊತ್ತಿಗೆ ನಮ್ಮ ಮನೇಲಿರ್ತೀವಿ ಕಣಮ್ಮಾ. ಅಲ್ಲಿ ಯಾರೂ ಗಂಟೆ ಹೊಡೆಯಲ್ಲ."

ಡಾಕ್ಟರು ಒಬ್ಬ ಹೆಣ್ಣುಮಗಳು. ಬಿಳಿ ಕೋಟು, ತಲೆ ಮೇಲೆ ದುಪಟ್ಟಾ. ನನ್ನನ್ನು ನೋಡಿ ಕುರ್ಚಿಯಿಂದ ಎದ್ದು ನಿಂತಳು.

"ಮೇಡಂ! ನಾನು ಆಯಿಷಾ. ಚಿಂತಾಮಣಿ ಹಾಸ್ಟೆಲು. ಕಿಟಕಿ ಪಕ್ಕದ ಮಂಚ."

ನೆನಪಾಯಿತು. ಓದುವ ಹೊತ್ತಿನಲ್ಲಿ ಬೆಕ್ಕಿನ ಮರಿಗೆ ಹಾಲು ಕೊಡುತ್ತಾ ಸಿಕ್ಕಿಬಿದ್ದಿದ್ದ ಹುಡುಗಿ. "ಕೂತ್ಕೊಳಮ್ಮ," ಎಂದೆ. ಅವಳು ಕೂತಳು. ಆಸ್ಪತ್ರೆ ಅವಳದ್ದು, ಕೂರಲು ಅಪ್ಪಣೆ ಕೊಟ್ಟವಳು ನಾನು. ಶಾರದಾ ನಕ್ಕದ್ದು ಕೆಮ್ಮಿನಂತೆ ಕೇಳಿಸಿತು.

ಆಯಿಷಾ ಗಾಯದ ಸುತ್ತಲಿನ ತುಪ್ಪಳ ಕತ್ತರಿಸಿ ತೊಳೆದಳು. ಮೊಲದ ಕಡಿತ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಕೀವು ಕಟ್ಟಬಹುದು, ದಿನಾ ಮುಟ್ಟಿ ನೋಡಬೇಕು, ಗಂಟು ಕಂಡರೆ ತಕ್ಷಣ ಕರೆತರಬೇಕು ಎಂದಳು. ಇನ್ನೊಂದು ಮೊಲ ಗಂಡೋ ಹೆಣ್ಣೋ ಎಂದು ಕೇಳಿದಳು.

"ಎರಡೂ ಹೆಣ್ಣೇ," ಎಂದೆ.

"ಅದಕ್ಕೇ!" ಎಂದಳು ಶಾರದಾ. "ಒಂದು ಮನೇಲಿ ಎರಡು ಹೆಣ್ಣು ಯಜಮಾನಿಕೆ."

"ಅದೂ ಇದೆ ಆಂಟಿ. ಆಪರೇಷನ್ ಮಾಡಿಸಿದ್ರೆ ತಣ್ಣಗಾಗ್ತವೆ, ಅದನ್ನ ಆಮೇಲೆ ನೋಡಣ. ಆದ್ರೆ ಇಷ್ಟು ದಿನ ಜೊತೇಲಿ ಕೂರ್ತಿದ್ವು ಅಂತೀರಲ್ಲ, ಇದ್ದಕ್ಕಿದ್ದ ಹಾಗೆ ಯಾಕೆ..." ಅವಳು ಮಾತು ನಿಲ್ಲಿಸಿ ಬುಟ್ಟಿಗೆ ಬಗ್ಗಿ ಮೂಸಿದಳು. ಆಮೇಲೆ ನನ್ನ ಕಡೆ ನೋಡಿದಳು. "ಮೇಡಂ, ಕೇಳಿದ್ರೆ ಬೈಯಬಾರದು. ಇವತ್ತು ಗೂಡು ತೊಳೆದ್ರಾ?"

"ಶನಿವಾರ ಅಲ್ವಾ? ತೊಳೆದೆ."

"ಬ್ಲೀಚಿಂಗ್ ಪೌಡರ್ ಹಾಕಿ?"

"ಮತ್ತಿನ್ನೇನು ಹಾಕಿ ತೊಳೀತಾರೆ?"

ಶಾರದಾ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ಹಸುವಿನ ಚಿತ್ರ ನೋಡಿದೆ.

"ಮೇಡಂ, ಮೊಲ ಕಣ್ಣಿಂದ ಗುರುತು ಹಿಡಿಯೋದು ಕಡಿಮೆ, ಮೂಗಿಂದ ಜಾಸ್ತಿ. ಗದ್ದ ಉಜ್ಜಿ ಉಜ್ಜಿ ತನ್ನ ವಾಸನೆ ಹಚ್ಚಿಟ್ಟಿರುತ್ತೆ. ಇದು ನನ್ನ ಜಾಗ, ಇವಳು ನಮ್ಮವಳು ಅಂತ. ನೀವು ಶನಿವಾರ ಅದನ್ನೆಲ್ಲ ಅಳಿಸಿಬಿಡ್ತೀರಾ. ಅವಕ್ಕೆ ಮನೆ ಹೊಸದು, ಎದುರಿಗಿರೋಳು ಯಾರೋ ಕಳ್ಳಿ. ಕಚ್ಚದೆ ಏನ್ಮಾಡ್ತವೆ?"

ಹುಳುಮನೆಯ ಇಡೀ ಶಾಸ್ತ್ರ ನಾಲಿಗೆಯ ತುದಿಯಲ್ಲಿತ್ತು. ಆದರೆ ಹುಳುಗಳು ಯಾರನ್ನೂ ಗುರುತು ಹಿಡಿಯಬೇಕಾಗಿಲ್ಲ ಎಂಬುದು ಹೊಳೆಯಿತು.

ಆಯಿಷಾ ಉಳಿದದ್ದನ್ನು ಒಂದೊಂದಾಗಿ ಹೇಳಿದಳು. ಗಾಯ ಮಾಯುವ ತನಕ ಇಬ್ಬರನ್ನೂ ಒಟ್ಟಿಗೆ ಬಿಡಬಾರದು. ನಡುವೆ ಒಂದು ಜಾಲರಿ ಸಾಲದು, ಮೂಗು, ಕಾಲ್ಬೆರಳು ತೂರುತ್ತವೆ. ಎರಡು ಜಾಲರಿ ಬೇಕು, ನಡುವೆ ನಾಲ್ಕು ಬೆರಳು ಜಾಗ. ಮಲ್ಲಿಗೆಯ ಮೈಗೆ ಈಗ ಔಷಧಿ ವಾಸನೆ, ಬೂದಿ ಇನ್ನೂ ಕೆರಳುತ್ತದೆ, ಹುಷಾರು. ಇಬ್ಬರೂ ಕೂತು ಮಲಗಿ ಮಾಡಿದ ಹಳೆಯ ಬಟ್ಟೆಯಿದ್ದರೆ ಅದನ್ನು ಹರಿದು ಇಬ್ಬರಿಗೂ ಹಾಸಿ, ದಿನಾ ಅದಲುಬದಲು ಮಾಡಬೇಕು. ಗೂಡು ಗುಡಿಸಬೇಕು ನಿಜ, ಆದರೆ ಬರೀ ನೀರು, ಅದೂ ಒಂದು ದಿನಕ್ಕೆ ಒಂದು ಮೂಲೆ, ಹಳೇ ಹುಲ್ಲು ಒಂದು ಹಿಡಿ ಉಳಿಸಿ. ಆಮೇಲೆ ಒಂದು ದಿನ, ಇಬ್ಬರದ್ದೂ ಅಲ್ಲದ ಜಾಗದಲ್ಲಿ ಸ್ವಲ್ಪ ಹೊತ್ತು ಮುಖಾಮುಖಿ.

"ಕಚ್ಚಾಡಿದ ಮೇಲೂ ಒಟ್ಟಿಗಿರ್ತವಾಮ್ಮ?" ಕೇಳಿದವಳು ಶಾರದಾ.

"ಎಷ್ಟೋ ಇರ್ತವೆ ಆಂಟಿ. ಬೇರೆ ಬೇರೆ ಊರಿಗೆ ಹಾಕಿಬಿಟ್ರೆ ಮಾತ್ರ ಮತ್ತೆ ಸೇರಿಸೋದು ಕಷ್ಟ."

ಹಿಂದಿರುಗುವಾಗ ಆಟೋ ಕೆರೆಯ ಪಕ್ಕ ಹಾದು ಬಂತು. ಹೊರಗೆ ನೋಡುತ್ತಿದ್ದ ಶಾರದಾ ಇದ್ದಕ್ಕಿದ್ದಂತೆ ಹೇಳಿದಳು: "ನಿಂಗೆ ಜ್ಞಾಪಕ ಐತಾ? ನೀನು ಓದಕ್ಕೆ ಅಂತ ಚಿಕ್ಕಬಳ್ಳಾಪುರಕ್ಕೆ ಹೋಗಿ, ದಸರಾ ರಜಕ್ಕೆ ಮೊದಲನೇ ಸಲ ಊರಿಗೆ ಬಂದಿದ್ದು."

"ಇಲ್ಲ."

"ನಾನು ನಿನ್ನ ಪಕ್ಕ ಮಲಗಲ್ಲ ಅಂತ ಅತ್ತಿದ್ದೆ. ಅಷ್ಟು ದಿನ ಒಂದೇ ಕಂಬಳೀಲಿ ಮಲಗ್ತಿದ್ವಿ. ಬಂದ್ರೆ ಯಾವುದೋ ಸೋಪಿನ ವಾಸನೆ. ಇವಳು ನಮ್ಮಕ್ಕ ಅಲ್ಲ, ಯಾರೋ ಬಂದವ್ಳೆ ಅಂತ ಅವ್ವನ ಹತ್ರ ಓಡಿ ಹೋದೆ."

"ಆಮೇಲೆ?"

"ಆಮೇಲೇನು? ಅವ್ವ ನಿಂಗೆ ಹಳೇ ಲಂಗ ಕೊಟ್ಟು, ಒಂದು ದಿನ ಪೂರ್ತಿ ಹುಳಕ್ಕೆ ಸೊಪ್ಪು ಹೆಚ್ಚೋಕೆ ಕೂರಿಸಿದ್ಳು. ಸಾಯಂಕಾಲಕ್ಕೆ ಸರಿಹೋಯ್ತು."

"ನೀನು ಕಚ್ಚಲಿಲ್ಲ ತಾನೆ?"

"ಕಚ್ಚಿದ್ದೆ," ಎಂದಳು. ಆಗಲೂ ಹೊರಗೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಎರಡನೆಯ ಜಾಲರಿ ಕಟ್ಟುವ ಕೆಲಸ. ಹಾರ್ಡ್‌ವೇರ್ ಅಂಗಡಿಯಿಂದ ತಂದ ಜಾಲರಿಯನ್ನು ಅವಳು ಹಿಡಿದಳು, ನಾನು ತಂತಿ ಬಿಗಿದೆ. ನಾಲ್ಕು ಬೆರಳು ಎಂದರೆ ಯಾರ ಬೆರಳು ಎಂಬುದರ ಮೇಲೆ ಒಂದು ವಾದ ನಡೆಯಿತು. ಅವಳ ಬೆರಳು ದಪ್ಪ, ನನ್ನದು ಸಣ್ಣ. ಅವಳ ಬೆರಳಿಗೇ ಒಪ್ಪಿದೆ. ಗೌರಿಬಿದನೂರಿನ ಮಧ್ಯಾಹ್ನದ ಬಸ್ಸು ಹೊರಡುವ ಹೊತ್ತಿಗೆ ನಾವಿಬ್ಬರೂ ಗೂಡಿನೊಳಗೆ ತಲೆ ಹಾಕಿ ಬಗ್ಗಿ ನಿಂತಿದ್ದೆವು. ಬಸ್ಸಿನ ಮಾತು ನಾನು ಎತ್ತಲಿಲ್ಲ. ಊಟಕ್ಕೆ ಕೂತಾಗ ಅವಳೇ ಎತ್ತಿದಳು. "ಸಾಯಂಕಾಲ ಇನ್ನೊಂದು ಬಸ್ಸಿದೆ." ಬ್ಯಾಗು ನಡುಮನೆಯ ಬಾಗಿಲಲ್ಲಿ, ಎಲ್ಲರೂ ಎಡವುವ ಜಾಗದಲ್ಲಿ, ಹಾಗೆಯೇ ಇತ್ತು. ನಾನು ಅದನ್ನು ಸುತ್ತಿ ಬಳಸಿ ಓಡಾಡಿದೆ.

ಉಳಿದದ್ದು ಬಟ್ಟೆ. ಇಬ್ಬರೂ ಕೂತು ಮಲಗಿ ಮಾಡಿದ ಹಳೆಯ ಬಟ್ಟೆ. ಬೀರು ತೆರೆದೆ. ಟವೆಲ್ಲುಗಳೆಲ್ಲ ಕುದಿಸಿ ಒಣಗಿಸಿದವು. ಒರೆಸುವ ಬಟ್ಟೆಗಳಿಗೂ ಇಸ್ತ್ರಿ. ಚಾಪೆ ಕೂಡ ಗುರುವಾರ ತೊಳೆದಿದ್ದೆ. ಮೊಲದ ವಾಸನೆ ಇರಲಿ, ಮನುಷ್ಯರ ವಾಸನೆಯಿರುವ ಒಂದು ಚಿಂದಿಯೂ ಈ ಮನೆಯಲ್ಲಿ ಸಿಗಲಿಲ್ಲ. ತೆರೆದ ಬೀರುವಿನ ಮುಂದೆ ನಿಂತಿದ್ದೆ. ಶಾರದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಒಂದಿದೆ," ಎಂದಳು.

"ಎಲ್ಲಿ?"

"ನನ್ನ ಶಾಲು. ಸಂಜೆ ಟಿ.ವಿ. ಮುಂದೆ ಹಾಸ್ಕೊಂಡು ಕೂರ್ತೀನಲ್ಲ, ಅದು. ಎರಡೂ ಅದರ ಮೇಲೇ ಬಿದ್ದಿರ್ತವೆ."

"ಅದನ್ನ ನಾನು ಒಗೆಯಕ್ಕೆ ಹಾಕಿಲ್ವಾ?"

"ನಿನ್ನ ಕೈಗೆ ಸಿಕ್ಕಿದ್ರೆ ತಾನೆ. ದಿನಾ ದಿಂಬಿನ ಒಳಗೆ ಬಚ್ಚಿಡ್ತಿದ್ದೆ."

"ಈಗೆಲ್ಲಿದೆ?"

ಅವಳು ಬ್ಯಾಗಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ಅಡೀಲಿ."

ಬ್ಯಾಗನ್ನು ಮಂಚದ ಮೇಲೆ ಇಟ್ಟು ಒಂದೊಂದಾಗಿ ಹೊರಗೆ ತೆಗೆದಳು. ಸೀರೆಗಳು, ಲಂಗಗಳು, ಔಷಧಿ ಡಬ್ಬಿ, ಕನ್ನಡಕದ ಪೆಟ್ಟಿಗೆ, ನನ್ನ ಒಂದು ಚಮಚ. ಚಮಚ ಹೇಗೆ ಬಂತು ಎಂದು ಅವಳಿಗೂ ಗೊತ್ತಿರಲಿಲ್ಲ. ಎಲ್ಲದರ ಕೆಳಗೆ ಶಾಲು ಇತ್ತು. ಕಂದು ಬಣ್ಣದ್ದು, ತುಂಬ ತುಪ್ಪಳ, ಒಂದು ಕಡೆ ಅಗಿದ ಗುರುತು. ಮೂಗಿನ ಹತ್ತಿರ ಹಿಡಿದೆ. ಒಣಹುಲ್ಲು, ಮೊಲ, ಅವಳು ಕುಡಿಯುವ ಅಮೃತಬಳ್ಳಿಯ ಕಷಾಯ, ತಲೆಗೆ ಹಚ್ಚುವ ಎಣ್ಣೆ. ಹುಳುಮನೆಯಲ್ಲಾಗಿದ್ದರೆ ಅವ್ವ ಅದನ್ನು ಕೋಲಿನಲ್ಲಿ ಎತ್ತಿ ಹೊರಗೆ ಎಸೆಯುತ್ತಿದ್ದಳು.

"ಹರಿಯಬೇಕು ಅಂದ್ಳಲ್ಲ ಆ ಹುಡುಗಿ," ಎಂದೆ. "ನಿನ್ನ ಒಳ್ಳೇ ಶಾಲು."

"ಹರಿ. ನನಗೆ ಕೈ ಬರಲ್ಲ."

ಕತ್ತರಿಯಿಂದ ನಡುಮಧ್ಯೆ ಕತ್ತರಿಸಿದೆ. ಸರಿಸಮವಾಗಿಯೇ ಬಂತು, ಅಷ್ಟಾದರೂ ನನ್ನ ಕೈ ಬಲ್ಲದು. ಒಂದು ತುಂಡನ್ನು ಬೂದಿಯ ಪಾಲಿಗೆ ಹಾಸಿದೆ, ಇನ್ನೊಂದನ್ನು ಅವಳು ಮಲ್ಲಿಗೆಯ ಪಾಲಿಗೆ ಹಾಸಿದಳು. ಮಲ್ಲಿಗೆಯ ಔಷಧಿಯ ಘಾಟಿಗೆ ಬೂದಿ ಒಮ್ಮೆ ಹಿಂಗಾಲಿನಿಂದ ನೆಲ ಗುದ್ದಿತು. ಜಾಲರಿಯತ್ತ ನುಗ್ಗಿ, ನಾಲ್ಕು ಬೆರಳಿನ ಆಚೆ ಏನೂ ಸಿಗದೆ ನಿಂತಿತು. ಶಾರದಾ ನನ್ನ ಮೊಣಕೈ ಹಿಡಿದುಕೊಂಡಳು. ಆಮೇಲೆ ಬೂದಿ ಶಾಲಿನತ್ತ ತಿರುಗಿತು. ಬಹಳ ಹೊತ್ತು ಮೂಸಿ, ಅದರ ಮೇಲೆ ಗದ್ದ ಉಜ್ಜಿತು. ಇನ್ನೊಮ್ಮೆ ಉಜ್ಜಿ, ಕಾಲು ಮಡಚಿ ಕೂತಿತು. ಆಚೆ ಮಲ್ಲಿಗೆ ಕೂಡ ಕೂತಿತ್ತು, ಬೆನ್ನು ತಿರುಗಿಸಿ, ಆದರೆ ಜಾಲರಿಯ ಪಕ್ಕದಲ್ಲೇ.

"ಇವತ್ತಿಗೆ ಇಷ್ಟು ಸಾಕು," ಎಂದಳು ಶಾರದಾ.

ಒಳಗೆ ಬಂದಾಗ ಮಂಚದ ತುಂಬ ಅವಳ ಬಟ್ಟೆ ಹರಡಿತ್ತು. ಹರಡಿದ್ದನ್ನು ನೋಡಿ ಸುಮ್ಮನಿರುವುದು ನನ್ನಿಂದಾಗದು, ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಒಂದೊಂದೇ ಸೀರೆ ಮಡಚಿ ಬೀರುವಿನಲ್ಲಿ ಇಡತೊಡಗಿದೆ. ಅವಳು ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಬಂದು ನಿಂತು ನೋಡಿದಳು. ಬೇಡ ಎನ್ನಲಿಲ್ಲ.

"ಹಸಿರು ಸೀರೆ ಅಲ್ಲಿಡಬೇಡ, ಮೇಲಿನ ಖಾನೇಲಿಡು. ನಾಳೆಗೆ ಬೇಕು."

ಮೇಲಿನ ಖಾನೆಯಲ್ಲಿಟ್ಟೆ. ಕನ್ನಡಕದ ಪೆಟ್ಟಿಗೆ ಕಿಟಕಿಯ ಹತ್ತಿರ, ಔಷಧಿ ಡಬ್ಬಿ ನೀರಿನ ಹೂಜಿಯ ಪಕ್ಕ, ಚಮಚ ಅಡುಗೆಮನೆಗೆ. ಖಾಲಿ ಬ್ಯಾಗು ಮಾತ್ರ ಉಳಿಯಿತು. ಅದರ ಮೇಲೆ ಅಟ್ಟದ ಧೂಳಿತ್ತು, ಹೊಲಿಗೆಯ ಸಂದಿನಲ್ಲಿ ಬಿಳಿ ತುಪ್ಪಳ, ಬೂದು ತುಪ್ಪಳ ಎರಡೂ ಸಿಕ್ಕಿಕೊಂಡಿದ್ದವು. ಒರೆಸುವ ಬಟ್ಟೆಗೆ ಕೈ ಹೋಗಿತ್ತು. ಹಿಂತೆಗೆದುಕೊಂಡೆ. ಸ್ಟೂಲು ಹತ್ತಿ, ಬ್ಯಾಗನ್ನು ಇದ್ದ ಹಾಗೆಯೇ ಅಟ್ಟದ ಮೇಲಿಟ್ಟು, ಕೈಗೆ ಸಿಗದಷ್ಟು ಒಳಕ್ಕೆ ತಳ್ಳಿ, ಕೆಳಗಿಳಿದೆ.